ಎಡ ಬಂಡಲ್ ಪೇಸಿಂಗ್: ಸ್ಕ್ರೀನ್ ಮುಂದೆ ಕೂತವರು ನೋಡಬೇಕಾದದ್ದು

ಕ್ಯಾತ್‌ಲ್ಯಾಬ್‌ಗೆ (ಎಕ್ಸ್‌ರೇ ನೋಡುತ್ತಾ ಹೃದಯದ ಚಿಕಿತ್ಸೆ ಮಾಡುವ ಕೋಣೆ) ಹೊಸದಾಗಿ ಸೇರಿದ ಟೆಕ್ನೀಶಿಯನ್ ಮಕ್ಕಳು ನನ್ನ ಹತ್ತಿರ ಬಂದು ಕೇಳುವುದು ಇದನ್ನೇ: "ಅಕ್ಕ, ಎಡ ಬಂಡಲ್ ಕೇಸಲ್ಲಿ ನಾವು ಏನು ನೋಡ್ತಾ ಇರ್ಬೇಕು?" ಲೀಡ್, ಅಂದರೆ ಪೇಸ್‌ಮೇಕರ್‌ನಿಂದ ಹೃದಯಕ್ಕೆ ಹೋಗುವ ತಂತಿ, ತಿರುಗಿಸುವುದು ಡಾಕ್ಟರ ಕೈ, ನಿಜ. ಆದರೆ ಅವರ ಕಣ್ಣು ಎಕ್ಸ್‌ರೇ ಚಿತ್ರದ ಮೇಲಿರುತ್ತದೆ. "ಸರ್, ಸಾಕು, ನಿಲ್ಲಿಸಿ" ಅನ್ನಬೇಕಾದವರು ನಾವೇ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇದೆಲ್ಲ ಯಾಕೆ ಅಂತ ತಿಳಿದಿರಲಿ. ಹೃದಯದ ಕರೆಂಟು ಮೇಲಿನ ಕೋಣೆಗಳಿಂದ ಎವಿ ನೋಡ್ ಎಂಬ ಗಂಟು ದಾಟಿ, ಹಿಸ್ ಬಂಡಲ್ ಎಂಬ ಎಳೆಗಳ ಕಟ್ಟಿಗೆ ಬಂದು, ಬಲ ಮತ್ತು ಎಡ ಕವಲುಗಳಲ್ಲಿ ಇಳಿಯುತ್ತದೆ. ಈ ಎಡ ಕವಲನ್ನೇ ಎಡ ಬಂಡಲ್ ಅನ್ನುವುದು. ಆ ದಾರಿಯಲ್ಲಿ ಹೋದರೆ ಕೆಳಗಿನ ಎರಡೂ ಕೋಣೆ ಒಟ್ಟಿಗೆ ಹಿಂಡುತ್ತವೆ. ಲೀಡನ್ನು ಬಲ ಕೋಣೆಯ ತುದಿಗೆ ಹಾಕಿದರೆ ಕರೆಂಟು ದಾರಿ ಬಿಟ್ಟು ಮಾಂಸದಲ್ಲೇ ನಿಧಾನವಾಗಿ ಹರಡುತ್ತದೆ. ಇಸಿಜಿಯಲ್ಲಿ ಕೆಳಗಿನ ಕೋಣೆಗಳ ಬಡಿತ ತೋರಿಸುವ ಕ್ಯೂಆರ್‌ಎಸ್ ಅಲೆ ಅಗಲವಾಗುತ್ತದೆ, ಎಡಗೋಡೆ ತಡವಾಗಿ ಹಿಂಡುತ್ತದೆ. ಜಾಸ್ತಿ ಪೇಸಿಂಗ್ ಬೇಕಾದವರಲ್ಲಿ ಕೆಲವರಿಗೆ ಇದರಿಂದಲೇ ಪಂಪಿಂಗ್ ಕುಗ್ಗುತ್ತದೆ. 2000ರಲ್ಲಿ ಅಮೆರಿಕದ ದೇಶ್‌ಮುಖ್ ಮತ್ತು ಜೊತೆಯವರು ಹಿಸ್ ಬಂಡಲ್‌ಗೇ ಕಾಯಂ ಲೀಡ್ ಹಾಕಿದ್ದನ್ನು ವರದಿ ಮಾಡಿದರು. ಒಳ್ಳೆಯ ವಿಧಾನ, ಆದರೆ ಅಲ್ಲಿ ಥ್ರೆಶೋಲ್ಡ್ (ಹೃದಯವನ್ನು ಹಿಡಿಯಲು ಬೇಕಾದ ಕನಿಷ್ಠ ಔಟ್‌ಪುಟ್) ಏರುವ ತೊಂದರೆ ಇದೆ. 2017ರಲ್ಲಿ ಚೀನಾದ ವೆನ್‌ಝೌನ ಹುವಾಂಗ್ ತಂಡ ಇನ್ನೂ ಸ್ವಲ್ಪ ಕೆಳಗೆ, ನಡುಗೋಡೆಯನ್ನು ಕೊರೆದು ಎಡ ಕವಲನ್ನು ಹಿಡಿಯಬಹುದು ಎಂದು ತೋರಿಸಿತು. ನಾವು ಈಗ ಮಾಡುವುದು ಅದನ್ನೇ.

ನಿಮ್ಮ ಕೆಲಸ ಶುರುವಾಗುವುದು ಇಸಿಜಿ ಸ್ಟಿಕ್ಕರ್ ಅಂಟಿಸುವಾಗ. ಇದನ್ನು ಸುಮ್ನೆ ಅವಸರದಲ್ಲಿ ಮುಗಿಸಬೇಡಿ. ವಿ1 ಸ್ಟಿಕ್ಕರ್ ನಾಲ್ಕನೇ ಪಕ್ಕೆಲುಬಿನ ಸಂದಿಯಲ್ಲಿ, ಎದೆಮೂಳೆಯ ಬಲಕ್ಕೇ ಇರಬೇಕು. ಡೀಫಿಬ್ ಪ್ಯಾಡ್ (ಶಾಕ್ ಕೊಡುವ ಪಟ್ಟಿ) ಅಡ್ಡ ಬಂತು ಅಂತ ಅದನ್ನು ಮೇಲೆ ಸರಿಸಿದರೆ, ಇಲ್ಲದ ಆರ್ ಅಲೆ (ಮೇಲಕ್ಕೇಳುವ ಅಲೆ) ಕಾಣಿಸಿಕೊಳ್ಳಬಹುದು. ಪ್ಯಾಡ್ ಸರಿಸಿ, ವಿ1 ಸರಿಸಬೇಡಿ. ಇಸಿಜಿಯ ಹನ್ನೆರಡೂ ಲೀಡ್ ಸ್ಕ್ರೀನ್ ಮೇಲಿರಲಿ, ವೇಗ ಸೆಕೆಂಡಿಗೆ 100 ಮಿ.ಮೀ. ಇಡಿ. ಮಾಮೂಲಿ 25ರಲ್ಲಿ 10 ಮಿಲಿಸೆಕೆಂಡ್ (ಮಿ.ಸೆ.) ವ್ಯತ್ಯಾಸ ಕಣ್ಣಿಗೆ ಬೀಳುವುದಿಲ್ಲ.

ರೋಗಿಗೆ ಮೊದಲೇ ಎಡ ಬಂಡಲ್ ಬ್ಲಾಕ್ ಇದೆಯಾ, ಅಂದರೆ ಎಡ ಕವಲಿನಲ್ಲಿ ಕರೆಂಟು ಹೋಗುತ್ತಿಲ್ಲವಾ, ನೋಡಿಕೊಳ್ಳಿ. ಇದ್ದರೆ, ಶೀತ್ (ಲೀಡನ್ನು ಒಳಗೆ ಕಳಿಸುವ ಕೊಳವೆ) ತಗುಲಿ ಬಲ ಕವಲೂ ಕೆಲ ಹೊತ್ತು ಕೆಲಸ ನಿಲ್ಲಿಸಬಹುದು. ಆಗ ಬಡಿತವೇ ನಿಲ್ಲಬಹುದು. ತಾತ್ಕಾಲಿಕ ಪೇಸಿಂಗ್ ಕೈಗೆ ಸಿಗುವಂತಿರಲಿ.

ಡಾಕ್ಟರು ಹಿಸ್ ಜಾಗದಿಂದ ತುದಿಯ ಕಡೆಗೆ ಒಂದರಿಂದ ಒಂದೂವರೆ ಸೆಂ.ಮೀ. ಇಳಿದು ಪೇಸ್ ಮಾಡಲು ಹೇಳುತ್ತಾರೆ. ವಿ1ರಲ್ಲಿ ಕೆಳಗಿಳಿದ ಅಲೆಯ ತಳದಲ್ಲಿ ಒಂದು ಕಚ್ಚು ಕಾಣಬೇಕು, ಇಂಗ್ಲಿಷಿನ ಡಬ್ಲ್ಯು ಅಕ್ಷರದ ಹಾಗೆ. ಕಂಡರೆ ಹೇಳಿ. ಕೊರೆಯಲು ಶುರುಮಾಡಬಹುದು.

ಇಲ್ಲಿಂದ ಮುಂದೆ ಪಕ್ಕದವರ ಜೊತೆ ಮಾತು ಬೇಡ. ಲೀಡ್ ಒಳಗೆ ಹೋದಂತೆ ಆ ಕಚ್ಚು ಅಲೆಯ ಕೊನೆಯ ಕಡೆಗೆ ಸರಿಯುತ್ತಾ ಮೇಲೇಳುತ್ತದೆ. ಕೊನೆಗೆ ಪುಟ್ಟ ಆರ್ ಅಲೆಯಾಗುತ್ತದೆ. ತಿರುಗಿಸುವಾಗ ಮಧ್ಯೆ ಮಧ್ಯೆ ಪೇಸ್ ಮಾಡದೆಯೂ ಕೆಲವು ಎಕ್ಸ್‌ಟ್ರಾ ಬಡಿತ ಬರುತ್ತವೆ. ಅವುಗಳಲ್ಲಿ ವಿ1ರ ಕೊನೆಗೆ ಆರ್ ಕಂಡಿತೋ, ಲೀಡ್ ಎಡಗಡೆಗೆ ಹತ್ತಿರ ಬಂದಿದೆ. ತಕ್ಷಣ ಗಟ್ಟಿಯಾಗಿ ಹೇಳಿ.

ಇನ್ನೊಂದು ಕಣ್ಣು ಇಂಪೀಡನ್ಸ್ (ಲೀಡಿನ ಕರೆಂಟಿಗೆ ಇರುವ ತಡೆ) ಮೇಲೆ. ಗೋಡೆಯೊಳಗೆ ಹೋದಂತೆ ಅದು ಏರುತ್ತದೆ, ಎಡಗಡೆ ಸಮೀಪಿಸಿದಂತೆ ಇಳಿಯುತ್ತದೆ. ಇಳಿಯಲು ಶುರುವಾದರೆ ಪ್ರತಿ ಸಲ ಅಂಕಿ ಓದಿ ಹೇಳಿ. ಯೂನಿಪೋಲಾರ್‌ನಲ್ಲಿ (ಲೀಡಿನೊಳಗೆ ತುದಿಯನ್ನು ಮಾತ್ರ ಬಳಸುವಾಗ) ಒಮ್ಮೆಲೇ ಕುಸಿದು 500 ಓಮ್‌ಗಿಂತ ಕೆಳಗೆ ಬಂದರೆ ಲೀಡ್ ಎಡ ಕೋಣೆಗೆ ತೂರಿರಬಹುದು.

ಆರ್ ಅಲೆ ಬಂತು ಅಂದಾಕ್ಷಣ ಕವಲು ಸಿಕ್ಕಿತು ಅಂತಲ್ಲ. ಇದನ್ನೇ ನಾನು ಎಲ್ಲರಿಗೂ ಒತ್ತಿ ಹೇಳುವುದು. ಲೀಡ್ ಬರೀ ಎಡಗಡೆಯ ಮಾಂಸವನ್ನು ಹಿಡಿದಿದ್ದರೂ ಆರ್ ಬರುತ್ತದೆ. ಸಾಕ್ಷಿ ಎದೆಯ ಎಡಪಕ್ಕದ ಸ್ಟಿಕ್ಕರ್ ವಿ6ರಲ್ಲಿದೆ. ಪೇಸಿಂಗ್ ಗೆರೆಯಿಂದ ವಿ6ರ ಆರ್ ಶಿಖರದವರೆಗೆ ಅಳೆಯಿರಿ. ಮೊದಲಿಂದ ಕ್ಯೂಆರ್‌ಎಸ್ ಸಣ್ಣದಿದ್ದವರಲ್ಲಿ 75 ಮಿ.ಸೆ. ಒಳಗಿದ್ದರೆ, ಎಡ ಬಂಡಲ್ ಬ್ಲಾಕ್ ಇದ್ದವರಲ್ಲಿ 80ರ ಒಳಗಿದ್ದರೆ ನಂಬಬಹುದು. ವಿ6ರ ಶಿಖರದಿಂದ ವಿ1ರ ಶಿಖರಕ್ಕೆ 44 ಮಿ.ಸೆ.ಗಿಂತ ಜಾಸ್ತಿ ಇದ್ದರೆ ಇನ್ನೂ ಗಟ್ಟಿ ಸಾಕ್ಷಿ.

ಆಮೇಲೆ ಔಟ್‌ಪುಟ್ (ಪೇಸ್ ಮಾಡುವ ಕರೆಂಟಿನ ಪ್ರಮಾಣ) ಮೇಲಿನಿಂದ ಮೆಲ್ಲಗೆ ಇಳಿಸುತ್ತಾ ಬನ್ನಿ. ಮೊನ್ನೆ ಅರಸೀಕೆರೆ ಕಡೆಯ ಅಜ್ಜಿಯೊಬ್ಬರ ಕೇಸಿನಲ್ಲಿ ವಿ6ರ ಅಳತೆ ಮೇಲಿನ ಔಟ್‌ಪುಟ್‌ನಲ್ಲಿ 70 ಇತ್ತು, ಇಳಿಸುತ್ತಾ ಬಂದಾಗ ಒಂದು ಬಡಿತದಿಂದ ಮುಂದಿನದಕ್ಕೆ 86ಕ್ಕೆ ಜಿಗಿಯಿತು. ಅಂದರೆ ಆ ಔಟ್‌ಪುಟ್‌ಗಿಂತ ಕೆಳಗೆ ಕವಲು ಕೈಬಿಟ್ಟು ಹೋಗಿ, ಮಾಂಸ ಮಾತ್ರ ಸಿಗುತ್ತಿದೆ. ಇಂಥ ಜಿಗಿತ ಸಿಕ್ಕರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ. ಅಜ್ಜಿ ಎಚ್ಚರವಾಗೇ ಇದ್ದರು. "ಆಯ್ತೇನವ್ವಾ?" ಅಂತ ಕೇಳುತ್ತಲೇ ಇದ್ದರು. ಎಚ್ಚರವಿರುವವರ ಮುಂದೆ ನಾವು ಅಂಕಿ ಕೂಗುತ್ತಿರುತ್ತೇವೆ ಅಲ್ವಾ, ಏನು ನಡೆಯುತ್ತಿದೆ ಅಂತ ಅವರಿಗೂ ಎರಡು ಮಾತು ಹೇಳಿ. ಗಾಬರಿ ಕಡಿಮೆಯಾಗುತ್ತದೆ.

ಈ ಪರೀಕ್ಷೆಯೆಲ್ಲ ಯೂನಿಪೋಲಾರ್‌ನಲ್ಲೇ ಮಾಡಿ. ಬೈಪೋಲಾರ್‌ನಲ್ಲಿ ತುದಿಯ ಜೊತೆ ರಿಂಗ್ ಕೂಡ ಬಳಕೆಯಾಗುತ್ತದೆ; ಔಟ್‌ಪುಟ್ ಜಾಸ್ತಿಯಿದ್ದರೆ ಲೀಡಿನ ರಿಂಗ್ ಬಲಗಡೆಯ ಗೋಡೆಯನ್ನೂ ಹಿಡಿಯುತ್ತದೆ, ವಿ1ರ ಆರ್ ಮಾಯವಾಗಿ ನಿಮ್ಮನ್ನು ದಾರಿ ತಪ್ಪಿಸುತ್ತದೆ.

ಥ್ರೆಶೋಲ್ಡ್ ಬರೆಯುವಾಗ ಎರಡು ಅಂಕಿ ಬರೆಯಿರಿ: ಮಾಂಸ ಎಲ್ಲಿಯವರೆಗೆ ಹಿಡಿಯಿತು, ಕವಲು ಎಲ್ಲಿಯವರೆಗೆ ಹಿಡಿಯಿತು. ಬರೀ ಮೊದಲನೆಯದನ್ನು ಬರೆದರೆ, ಆರು ತಿಂಗಳ ಮೇಲೆ ಚೆಕಪ್‌ನಲ್ಲಿ ಯಾರೋ ಬ್ಯಾಟರಿ ಉಳಿಸಲು ಔಟ್‌ಪುಟ್ ಇಳಿಸುತ್ತಾರೆ. ಬಡಿತ ಇದ್ದೇ ಇರುತ್ತದೆ, ಕವಲು ಮಾತ್ರ ತಪ್ಪಿಹೋಗಿರುತ್ತದೆ. ಜಿಗಿತ ಕಂಡ ಇಸಿಜಿ ಪ್ರಿಂಟನ್ನು ಎರಡೂ ಅಂಕಿಯ ಜೊತೆ ಫೈಲಿಗೆ ಸೇರಿಸಿ, ಒಂದು ಪ್ರತಿಯನ್ನು ರೋಗಿಯ ಮನೆಯವರ ಕೈಗೂ ಕೊಡಿ.