ಕಾಲಿಂಗ್ ಕಾರ್ಡಿನಲ್ಲಿ ಫ್ಯಾಕ್ಸ್: ಹೊಸಬರಿಗೆ ಅಲ್ಪವಿರಾಮದ ಪಾಠ

ಊರಿಗೆ ಕಾಗದಪತ್ರ ಕಳಿಸಲು ಕಾಲಿಂಗ್ ಕಾರ್ಡನ್ನೂ (ಮೊದಲೇ ಹಣ ಕೊಟ್ಟು ಕೊಳ್ಳುವ ದೂರದ ಕರೆಯ ಕಾರ್ಡು) ಕಂಪ್ಯೂಟರಿನ ಫ್ಯಾಕ್ಸ್ ಸಾಫ್ಟ್‌ವೇರನ್ನೂ ಒಟ್ಟಿಗೆ ಬಳಸಹೊರಟ ಹೊಸಬರು ಮೊದಲು ತಿಳಿಯಬೇಕಾದದ್ದು, ನಮ್ಮ ಕಿವಿ ಮಾಡುವ ಕೆಲಸವನ್ನು ಕಂಪ್ಯೂಟರನ್ನು ಫೋನ್ ಲೈನಿಗೆ ಜೋಡಿಸುವ ಮೋಡೆಮ್ ಮಾಡುವುದಿಲ್ಲ ಎಂಬುದು. ಪಿನ್ ಒತ್ತಿರೆಂಬ ಸೂಚನೆ ಮುಗಿಯುವವರೆಗೆ ನಾವು ಕಾಯುತ್ತೇವೆ. ಅದು ಮಾತ್ರ ಕೊಟ್ಟ ಅಂಕಿಗಳನ್ನೆಲ್ಲ ಒಂದೇ ಉಸಿರಿಗೆ ಒತ್ತಿಬಿಡುತ್ತದೆ.

ಇಷ್ಟು ತಿಳಿಯದೆ ನಾನು ಎರಡು ವಾರಾಂತ್ಯಗಳನ್ನು ಹಾಳುಮಾಡಿಕೊಂಡೆ. ಸಾಫ್ಟ್‌ವೇರನ್ನು ಮೂರು ಸಲ ಅಳಿಸಿ ಮತ್ತೆ ಹಾಕಿದ ಮೇಲೆ, ಮೋಡೆಮಿನ ಸ್ಪೀಕರನ್ನು ಜೋರು ಮಾಡಿ ಕೇಳುವ ಬುದ್ಧಿ ಬಂತು. ಕಾರ್ಡಿನ ಧ್ವನಿ ಇನ್ನೂ ಸ್ವಾಗತ ಹೇಳುತ್ತಿತ್ತು. ನನ್ನ ಪಿನ್ ಆಗಲೇ ಗಾಳಿಪಾಲಾಗಿತ್ತು. ಪ್ರತಿ ಸೋತ ಪ್ರಯತ್ನಕ್ಕೂ ಕಾರ್ಡಿನಿಂದ ನಿಮಿಷ ಕಡಿತವಾಗುತ್ತಿದ್ದುದು ಬೇರೆ ಸಂಕಟ.

ಮದ್ದು ಅಲ್ಪವಿರಾಮ. ಡಯಲ್ ಮಾಡುವ ಸಂಖ್ಯೆಯ ನಡುವೆ ಒಂದು ಅಲ್ಪವಿರಾಮ ಹಾಕಿದರೆ ಮೋಡೆಮ್ ಸಾಮಾನ್ಯವಾಗಿ 2 ಸೆಕೆಂಡು ತಡೆಯುತ್ತದೆ. ಒಮ್ಮೆ ಕೈಯಿಂದಲೇ ಡಯಲ್ ಮಾಡಿ, ಪ್ರವೇಶ ಸಂಖ್ಯೆ (ಕಾರ್ಡಿನ ಸೇವೆಗೆ ಮೊದಲು ಕರೆಮಾಡುವ ಸಂಖ್ಯೆ) ಒತ್ತಿದ ಕ್ಷಣದಿಂದ ಸೂಚನೆ ಮುಗಿಯುವವರೆಗೆ ಗಡಿಯಾರ ಹಿಡಿದು ಎಣಿಸಿರಿ. ನನಗೆ 13 ಸೆಕೆಂಡು ಬಂತು. ಆ ಸಂಖ್ಯೆಗೂ ಪಿನ್‌ಗೂ ನಡುವೆ ಏಳು ಅಲ್ಪವಿರಾಮ ಸಾಕಾಗಬೇಕಿತ್ತು, ಆದರೆ ಲೈನು ದಿನವೂ ಒಂದೇ ವೇಗದಲ್ಲಿ ಸಿಗದ ಕಾರಣ ಎಂಟು ಹಾಕಿದೆ. ಪಿನ್ ಆದ ಮೇಲೆ ಉಳಿದ ನಿಮಿಷ ಹೇಳುವ ಧ್ವನಿಗೂ ಹೀಗೆಯೇ ಎಣಿಸಬೇಕು. ಅಲ್ಪವಿರಾಮಗಳ ಸಾಲು ತೀರ ಉದ್ದವಾದರೆ, ಒಂದು ಅಲ್ಪವಿರಾಮಕ್ಕೆ ಎಷ್ಟು ಸೆಕೆಂಡು ಎಂದು ಹೇಳುವ, ಮೋಡೆಮಿನ ಎಸ್8 ಎಂಬ ಮೌಲ್ಯವನ್ನು 4 ಮಾಡಿದಾಗ ಅರ್ಧದಷ್ಟು ಸಾಕು. ಅಲ್ಪವಿರಾಮದ ಬದಲು ಡಬ್ಲ್ಯೂ ಅಕ್ಷರ ಹಾಕುವ ಜಾಣತನವನ್ನೂ ನಾನು ಮಾಡಿದೆ. ಅದು ಕಾಯುವುದು ಡಯಲ್ ಟೋನಿಗಾಗಿ, ಮನುಷ್ಯರ ಧ್ವನಿಗಾಗಿ ಅಲ್ಲ.

ಕಂಪ್ಯೂಟರಿನ ಡಯಲಿಂಗ್ ರೂಲ್ಸ್ (ಸಂಖ್ಯೆಯನ್ನು ಹೇಗೆ ಡಯಲ್ ಮಾಡಬೇಕೆಂದು ಹೇಳುವ ಸೆಟ್ಟಿಂಗ್) ಒಳಗೆ ಕಾರ್ಡಿನ ವಿವರ ತುಂಬುವುದು ಸರಳ. ದೇಶದ ಸಂಕೇತ ಎರಡು ಸಲ ಸೇರದಂತೆ ನೋಡಿಕೊಂಡರೆ ಆಯಿತು.

ಸಂಖ್ಯೆ ಸರಿಯಾಗಿ ಹೋದರೂ ಆಚೆಯ ಯಂತ್ರ ಎತ್ತುವ ಮೊದಲೇ ಮೋಡೆಮ್ ಕೈಬಿಡುವುದುಂಟು. ಕಾರ್ಡಿನ ಮೂಲಕ ಕರೆ ಸುತ್ತಿಕೊಂಡು ಹೋಗುವುದರಿಂದ, ಆಚೆಯ ಉತ್ತರಕ್ಕಾಗಿ ಮೋಡೆಮ್ ಎಷ್ಟು ಕಾಯಬೇಕೆಂದು ಹೇಳುವ, ಸಾಮಾನ್ಯವಾಗಿ 50 ಸೆಕೆಂಡಿಗೆ ಇರುವ ಎಸ್7 ಮೌಲ್ಯವನ್ನು 90ಕ್ಕೆ ಏರಿಸಿರಿ. ಪುಟ ಹೋಗುತ್ತಿರುವಾಗ ನಡುವೆ ಕಡಿದುಹೋದರೆ ವೇಗವನ್ನು ಸೆಕೆಂಡಿಗೆ 14400 ಬಿಟ್‌ಗಳಿಂದ 9600ಕ್ಕೆ ಇಳಿಸಿರಿ. ಅಗ್ಗದ ಕಾರ್ಡುಗಳ ಲೈನು ಮಾತಿಗೆ ಸಾಕಾದರೂ ಫ್ಯಾಕ್ಸಿಗೆ ಸಾಲದಿರಬಹುದು.

ಆಚೆ ಫೋನಿಗೂ ಫ್ಯಾಕ್ಸಿಗೂ ಒಂದೇ ಲೈನಿದ್ದರೆ, ಮೊದಲೇ ಮಾತಾಡಿ ರಿಸೀವರ್ ಎತ್ತಬೇಡಿರೆಂದು ಹೇಳಿರಿ. ನಾನು ಹೇಳಿರಲಿಲ್ಲ. ಮೂರು ಸೆಕೆಂಡು ಬಿಟ್ಟು ಬಿಟ್ಟು ಕೀರಲು ದನಿ ತೆಗೆಯುವ ನನ್ನ ಮೋಡೆಮಿಗೆ ಅಪ್ಪ ‘ಹಲೋ, ಯಾರು?’ ಎನ್ನುತ್ತಿದ್ದರು. ಸ್ಪೀಕರಿನಲ್ಲಿ ಅದನ್ನು ಕೇಳಿದ ಮಗಳು ‘ಅಜ್ಜಾ, ನಾನು!’ ಎಂದು ಕೂಗಿದಳು. ಅವಳ ಧ್ವನಿ ಆಚೆ ಮುಟ್ಟುವ ದಾರಿ ಆ ಪೆಟ್ಟಿಗೆಯಲ್ಲಿ ಇರಲಿಲ್ಲ. ಆ ದಿನ ಫ್ಯಾಕ್ಸ್ ಹೋಗಲಿಲ್ಲ. ಕಾರ್ಡಿನಲ್ಲಿ ಉಳಿದಿದ್ದ ನಾಲ್ಕು ನಿಮಿಷವನ್ನು ಅವಳಿಗೆ ಬಿಟ್ಟುಕೊಟ್ಟೆ.