ತಾಮ್ರದ ಪೈಪಿಗೆ ಕರೆಂಟಿನ ಇಕ್ಕಳದಲ್ಲಿ ಬೆಸುಗೆ
ಮರದ ಕಪಾಟಿನ ಹಿಂದೆ ತಾಮ್ರದ ಪೈಪ್ ಜೋಡಿಸಬೇಕಾದರೆ ಗ್ಯಾಸ್ ಟಾರ್ಚಿಗಿಂತ ಕರೆಂಟಿನ ಬೆಸುಗೆ ಇಕ್ಕಳ (ಹಿಡಿದ ಜಾಗವನ್ನು ಕರೆಂಟು ಹರಿಸಿ ಕಾಯಿಸುವ ಇಕ್ಕಳ) ವಾಸಿ. ಬೆಂಕಿಯ ಭಯ ಕಡಿಮೆ. ಆದರೆ ಪೈಪಿನಲ್ಲಿ ಸ್ವಲ್ಪ ನೀರು ಉಳಿದಿದ್ದರೂ ಕೆಲಸ ಕೆಟ್ಟಿತು ಅಂತಲೇ ಲೆಕ್ಕ. ಬಿಸಿಯೆಲ್ಲ ನೀರು ಕಾಯಿಸೋದಕ್ಕೇ ಹೋಗುತ್ತದೆ, ಸೋಲ್ಡರ್ (ಬೆಸೆಯುವ ಲೋಹದ ತಂತಿ) ಕರಗುವುದಿಲ್ಲ. ನೀರು ನಿಲ್ಲಿಸುವ ವಾಲ್ವ್ ಸೋರುತ್ತಿದ್ದರೆ ಮೊದಲು ಅದನ್ನು ಸರಿಮಾಡಿ.

ಪೈಪಿನ ತುದಿ, ಫಿಟ್ಟಿಂಗಿನ (ಪೈಪ್ ಜೋಡಿಸುವ ತುಂಡಿನ) ಒಳಭಾಗ ಎರಡನ್ನೂ ಎಮರಿ ಪೇಪರಿನಿಂದ ಹೊಳೆಯುವಂತೆ ಉಜ್ಜಿ, ತೆಳ್ಳಗೆ ಫ್ಲಕ್ಸ್ (ಸೋಲ್ಡರ್ ಹಿಡಿಯುವಂತೆ ಮಾಡುವ ಪೇಸ್ಟ್) ಹಚ್ಚಿ. ಇಕ್ಕಳದ ಕಾರ್ಬನ್ ತುದಿಗಳು ಫಿಟ್ಟಿಂಗನ್ನು ಹಿಡಿಯಬೇಕು, ಪೈಪನ್ನಲ್ಲ. ಗಟ್ಟಿಯಾಗಿ ಹಿಡಿದ ಮೇಲೆ ಸ್ವಿಚ್ ಒತ್ತಿ. ಬಿಡುವಾಗ ಮೊದಲು ಆಫ್ ಮಾಡಿ, ಇಲ್ಲದಿದ್ದರೆ ಕಿಡಿ ಹಾರಿ ತಾಮ್ರದಲ್ಲಿ ಗುಳಿ ಬೀಳುತ್ತದೆ. ಸೋಲ್ಡರನ್ನು ಇಕ್ಕಳದ ತುದಿಗಳಿಂದ ದೂರದಲ್ಲಿ, ಸಂದಿಗೆ ಮುಟ್ಟಿಸಿ. ಬಿಸಿ ಸರಿಯಿದ್ದರೆ ತಾನೇ ಒಳಗೆ ಎಳೆದುಕೊಳ್ಳುತ್ತದೆ. ಕುಡಿಯುವ ನೀರಿನ ಪೈಪ್ ಅಲ್ವಾ, ರೇಡಿಯೋ ರಿಪೇರಿಯ ಸೀಸದ ಸೋಲ್ಡರ್ ಬೇಡವೇ ಬೇಡ. ತವರ-ತಾಮ್ರದ್ದೇ ತನ್ನಿ, ಅದು ಸುಮಾರು 227 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಲು ಶುರುವಾಗುತ್ತದೆ.