ಅನಾನಸ್ ದಿಂಡು ಎಸೆಯುವ ಮುಂಚೆ

ಅನಾನಸ್ ಹೆಚ್ಚುವಾಗ ಸಿಪ್ಪೆಯ ಜೊತೆಗೇ ನಡುವಿನ ಗಟ್ಟಿ ದಿಂಡನ್ನೂ ಕಸದ ಬುಟ್ಟಿಗೆ ಹಾಕುವುದು ಹೆಚ್ಚಿನ ಮನೆಗಳ ರೂಢಿ. ಅದು ಜಗಿಯಲು ಕಷ್ಟ, ಸಿಹಿಯೂ ಕಮ್ಮಿ, ನಾರು ಹಲ್ಲಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ, ಎಲ್ಲ ನಿಜ. ಆದರೆ ಊರೆಲ್ಲ ಹೊಗಳುವ ಬ್ರೊಮೆಲೈನ್ ಎಂಬ ಕಿಣ್ವ ತಿರುಳಿಗಿಂತ ಈ ದಿಂಡಿನಲ್ಲೇ ಜಾಸ್ತಿ. ಗಿಡದ ಕಾಂಡದಲ್ಲಂತೂ ಇನ್ನೂ ಜಾಸ್ತಿ. ಔಷಧಿ ಅಂಗಡಿಯ ಮಾತ್ರೆಗೆ ಹೋಗುವ ಬ್ರೊಮೆಲೈನನ್ನು ತೆಗೆಯುವುದೂ ಹೆಚ್ಚಾಗಿ ಆ ಕಾಂಡದಿಂದಲೇ.

ಈ ಕಿಣ್ವಕ್ಕೆ ಗೊತ್ತಿರುವುದು ಒಂದೇ ಕೆಲಸ, ಪ್ರೋಟೀನನ್ನು ತುಂಡು ಮಾಡುವುದು. ಅನಾನಸ್ ತಿಂದಾಗ ನಾಲಿಗೆ ಚುರುಗುಟ್ಟುವುದಕ್ಕೂ, ಹಾಲಿಗೆ ಹಾಕಿದರೆ ಕಹಿಯಾಗುವುದಕ್ಕೂ, ಮಾಂಸ ಮೆತ್ತಗಾಗುವುದಕ್ಕೂ ಮೂಲ ಅದೇ. ಇದರ ಜೊತೆ ಇನ್ನೊಂದು ಸಂಗತಿ ನೆನಪಿದ್ದರೆ ಅರ್ಧ ಗೊಂದಲ ಮುಗಿಯಿತು: ಬಿಸಿ ತಾಗಿದರೆ ಇದು ಸಾಯುತ್ತದೆ. 50-60 ಡಿಗ್ರಿಯವರೆಗೆ ಚುರುಕಾಗಿ ಕೆಲಸ ಮಾಡುತ್ತದೆ, 70 ದಾಟಿದರೆ ಬೇಗ ಶಕ್ತಿಗುಂದುತ್ತದೆ, ಕುದಿ ಬಂದರೆ ಏನೂ ಉಳಿಯುವುದಿಲ್ಲ. ಹಾಗಾಗಿ ಅನಾನಸ್ ಗೊಜ್ಜು, ಮೆಣಸ್ಕಾಯಿ, ಕೇಸರಿಬಾತ್, ಜಾಮ್ ಇವುಗಳಲ್ಲಿ ಬ್ರೊಮೆಲೈನ್ ಇರುವುದಿಲ್ಲ. ಡಬ್ಬಿಯ ಹೋಳುಗಳನ್ನೂ ಬಿಸಿ ಮಾಡಿಯೇ ಮುಚ್ಚುವುದರಿಂದ ಅದರಲ್ಲೂ ಇಲ್ಲ. ಗೊಜ್ಜನ್ನು ರುಚಿಗೆ ತಿನ್ನಿ, ಕಿಣ್ವ ಬೇಕಾದರೆ ಹಸಿ ಹೋಳು ತಿನ್ನಿ. ವಾಟ್ಸಾಪ್‌ನಲ್ಲಿ ವರ್ಷಕ್ಕೊಮ್ಮೆಯಾದರೂ ಸುತ್ತಿ ಬರುವ 'ಬಿಸಿ ಅನಾನಸ್ ನೀರು ಕ್ಯಾನ್ಸರ್ ಕೊಲ್ಲುತ್ತದೆ' ಎಂಬ ಸಂದೇಶವನ್ನು ಅಲ್ಲೇ ಅಳಿಸಿಹಾಕಿ. ಸಿಪ್ಪೆ ಕುದಿಸಿದ ಕಷಾಯದ ಕಥೆಯೂ ಅಷ್ಟೇ, ಪರಿಮಳ ಬಿಟ್ಟರೆ ಅದರಲ್ಲಿ ಈ ಕಿಣ್ವ ಉಳಿದಿರುವುದಿಲ್ಲ.

ಹಣ್ಣು ಆರಿಸುವಾಗ ಬುಡವನ್ನು ಮೂಸಿ ನೋಡಿ. ಸಿಹಿ ಪರಿಮಳ ಇರಬೇಕು, ಹುಳಿ ಹೆಂಡದ ವಾಸನೆ ಬಂದರೆ ಒಳಗೆ ಕೊಳೆಯಲು ಶುರುವಾಗಿದೆ. ಗಾತ್ರಕ್ಕೆ ತಕ್ಕ ಭಾರವೂ ಇರಲಿ. ಕೊಯ್ದ ಮೇಲೆ ಅನಾನಸಿನ ಬಣ್ಣ ತಿರುಗುತ್ತದೆ, ಮೆತ್ತಗಾಗುತ್ತದೆ, ಆದರೆ ಸಿಹಿ ಏರುವುದಿಲ್ಲ. ಬಾಳೆಕಾಯಿಯಂತೆ ಇಟ್ಟು ಹಣ್ಣು ಮಾಡುತ್ತೇವೆಂದು ಹಸಿರು ಕಾಯಿ ತಂದರೆ ಮೋಸ. ಸಾಲದ್ದಕ್ಕೆ ಬಲಿಯದ ಕಾಯಿ ಬಾಯಿ ಸುಡುತ್ತದೆ, ಹೊಟ್ಟೆ ಕೆಡಿಸಿ ವಾಂತಿ ಭೇದಿಯನ್ನೂ ತರಬಹುದು. ಬನವಾಸಿ, ಸೊರಬದ ಕಡೆಯ ಕ್ಯೂ ಜಾತಿಯ ದೊಡ್ಡ ಹಣ್ಣಿನ ಕಣ್ಣು ಮೇಲೇ ಇರುತ್ತದೆ, ರಸ ಜಾಸ್ತಿ. ಕ್ವೀನ್ ಜಾತಿಯ ಸಣ್ಣ ಹಣ್ಣಿನ ಕಣ್ಣು ಆಳ, ಪರಿಮಳ ಹೆಚ್ಚು. ಕಣ್ಣುಗಳು ಓರೆಯಾಗಿ ಸಾಲುಸಾಲು ಇರುವುದರಿಂದ ಆ ಸಾಲಿನಗುಂಟ ಎರಡೂ ಬದಿಯಿಂದ ಕತ್ತಿಯನ್ನು ಓರೆ ಹಿಡಿದು ಕಾಲುವೆಯಂತೆ ತೆಗೆದರೆ ತಿರುಳು ಹಾಳಾಗುವುದಿಲ್ಲ.

ಈಗ ದಿಂಡಿನ ವಿಷಯ. ಹಣ್ಣನ್ನು ಉದ್ದಕ್ಕೆ ನಾಲ್ಕು ಭಾಗ ಮಾಡಿದರೆ ದಿಂಡು ಒಂದೇ ಏಟಿಗೆ ಬೇರೆಯಾಗುತ್ತದೆ. ಅದನ್ನು ಕಾಗದದಷ್ಟು ತೆಳ್ಳಗೆ ಅಡ್ಡಡ್ಡ ಹೆಚ್ಚಿ. ಉದ್ದಕ್ಕೆ ಹೆಚ್ಚಿದರೆ ನಾರು ಹಾಗೇ ಉಳಿಯುತ್ತದೆ, ಅಡ್ಡ ಹೆಚ್ಚಿದರೆ ತುಂಡಾಗಿ ಜಗಿಯಲು ಸಲೀಸು. ಸೌತೆಕಾಯಿ ಕೋಸಂಬರಿಗೆ ಎರಡು ಚಮಚ ಸೇರಿಸಿದರೆ ಯಾರಿಗೂ ಗೊತ್ತಾಗುವುದಿಲ್ಲ. ಹಲ್ಲು ಸರಿಯಿಲ್ಲದವರಿಗೆ ಒಂದು ಹಣ್ಣಿನ ದಿಂಡು, ಅರ್ಧ ಇಂಚು ಶುಂಠಿ, ನಾಲ್ಕು ಪುದೀನ ಎಲೆ, ಚಿಟಿಕೆ ಉಪ್ಪು, ಒಂದು ಲೋಟ ತಣ್ಣೀರು ಹಾಕಿ ರುಬ್ಬಿ ಸೋಸಿ ಕೊಡಿ. ಮಿಕ್ಸಿಯನ್ನು ತಡೆತಡೆದು ಓಡಿಸಿ, ಎಡೆಬಿಡದೆ ಓಡಿಸಿದರೆ ಜಾರೇ ಬಿಸಿಯಾಗುತ್ತದೆ. ಮಜ್ಜಿಗೆ ಮಾತ್ರ ಬೆರೆಸಬೇಡಿ, ಕಾರಣ ಮುಂದೆ ಬರುತ್ತದೆ.

ಬಾಯಿ ಚುರುಗುಟ್ಟುವವರು ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಉಪ್ಪು ಕರಗಿಸಿ, ಹೋಳುಗಳನ್ನು ಹತ್ತು ನಿಮಿಷ ಅದರಲ್ಲಿಟ್ಟು ಬಸಿದು ತಿನ್ನಿ. ಹೋಳಿನ ಮೇಲಿನ ರಸ ತೊಳೆದುಹೋಗಿ ಉರಿ ತಗ್ಗುತ್ತದೆ, ಉಪ್ಪಿನಿಂದ ಸಿಹಿಯೂ ಎದ್ದು ಕಾಣುತ್ತದೆ. ಅರ್ಧ ಗಂಟೆ ನೆನೆಸಿದರೆ ಹಣ್ಣೇ ಸಪ್ಪೆ. ಬಾಯಿಹುಣ್ಣು ಇದ್ದಾಗ ಉಪ್ಪುನೀರಿನಿಂದಲೂ ಸಾಗದು, ಹುಣ್ಣು ಮಾಯುವ ತನಕ ಹಸಿ ಅನಾನಸ್ ಬೇಡ.

ಹಾಲು ಮೊಸರಿನ ಜೊತೆ ಈ ಕಿಣ್ವ ಕೊಡುವ ಕಾಟ ಬಹಳ. ಹಾಲಿನ ಪ್ರೋಟೀನು ತುಂಡಾದಾಗ ಹುಟ್ಟುವ ಚೂರುಗಳೇ ಕಹಿ. ಬೆಳಗ್ಗೆ ಮಾಡಿಟ್ಟ ಅನಾನಸ್ ಮೊಸರುಗೊಜ್ಜು ಮಧ್ಯಾಹ್ನಕ್ಕೆ ಕಹಿಯಾದರೆ ಮೊಸರು ಕೆಟ್ಟಿತೆಂದು ಹಾಲಿನವನನ್ನು ಬೈಯಬೇಡಿ. ಎರಡು ಬಟ್ಟಲು ಮೊಸರು ತೆಗೆದುಕೊಂಡು ಒಂದಕ್ಕೆ ಹಸಿ ಹೋಳು, ಇನ್ನೊಂದಕ್ಕೆ ಬೇಯಿಸಿ ಆರಿಸಿದ ಹೋಳು ಹಾಕಿ ಒಂದು ಗಂಟೆ ಬಿಟ್ಟು ರುಚಿ ನೋಡಿ, ವ್ಯತ್ಯಾಸ ನಾಲಿಗೆಗೇ ತಿಳಿಯುತ್ತದೆ. ಆದ್ದರಿಂದ ಮೊಸರಿಗೆ, ಮಿಲ್ಕ್‌ಶೇಕಿಗೆ, ಐಸ್‌ಕ್ರೀಮಿಗೆ ಹಾಕುವ ಹೋಳನ್ನು ಮೊದಲು ಸ್ವಲ್ಪ ಸಕ್ಕರೆ ಸೇರಿಸಿ ಒಳಗೂ ಕಾಯುವ ಹಾಗೆ ಎಂಟು ಹತ್ತು ನಿಮಿಷ ಬೇಯಿಸಿ, ಪೂರ್ತಿ ತಣಿದ ಮೇಲೆ ಬೆರೆಸಿ. ಜೆಲಾಟಿನ್ ಹಾಕಿದ ಜೆಲ್ಲಿಗೆ ಹಸಿ ಅನಾನಸ್ ಬಿದ್ದರೆ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟರೂ ಗಟ್ಟಿಯಾಗದು, ಯಾಕೆಂದರೆ ಜೆಲಾಟಿನ್ ಸಹ ಪ್ರೋಟೀನೇ. ಚೈನಾಗ್ರಾಸ್ ಸಮುದ್ರದ ಪಾಚಿಯಿಂದ ಬಂದದ್ದು, ಅದನ್ನು ಈ ಕಿಣ್ವ ಮುಟ್ಟುವುದಿಲ್ಲ. ಆದರೆ ಹಣ್ಣಿನ ಹುಳಿಯ ಜೊತೆ ಕುದಿಸಿದರೆ ಚೈನಾಗ್ರಾಸೂ ಸಡಿಲವಾಗುತ್ತದೆ, ಒಲೆಯಿಂದ ಇಳಿಸಿದ ಮೇಲೆ ರಸ ಸೇರಿಸಿ.

ಮಾಂಸಾಹಾರಿಗಳು ಮಟನ್ನಿಗೆ ಪರಂಗಿಕಾಯಿ ಅರೆದು ಹಚ್ಚುವುದುಂಟಲ್ಲ, ಅದರ ಬದಲು ಇದನ್ನೂ ಬಳಸಬಹುದು. ಒಂದು ಕಿಲೋ ಮಟನ್ನಿಗೆ ಎರಡು ದೊಡ್ಡ ಚಮಚ ಹಸಿ ರಸ, ಅರ್ಧ ಗಂಟೆಯಿಂದ ಮುಕ್ಕಾಲು ಗಂಟೆ. ಕೋಳಿಗೆ ಇಪ್ಪತ್ತು ನಿಮಿಷ ಸಾಕು. ರಾತ್ರಿಯಿಡೀ ಬಿಟ್ಟರೆ ಮೇಲ್ಪದರ ಹಿಟ್ಟಿನಂತಾಗುತ್ತದೆ, ಒಳಗೆ ಮಾತ್ರ ಗಟ್ಟಿ ಹಾಗೇ ಇರುತ್ತದೆ, ಏಕೆಂದರೆ ರಸ ಆಳಕ್ಕೆ ಇಳಿಯುವುದಿಲ್ಲ. ಮೀನು, ಸೀಗಡಿಗೆ ಬೇಡವೇ ಬೇಡ.

ಆರೋಗ್ಯದ ಲಾಭ ಎಷ್ಟು ಎಂದರೆ, ಊಟದ ಜೊತೆಗೋ ಊಟವಾದ ಮೇಲೋ ತಿಂದ ಒಂದು ಬಟ್ಟಲು ಹಸಿ ಹಣ್ಣು, ಅಂದರೆ ಸುಮಾರು 150 ಗ್ರಾಂ, ಬೇಳೆ ಮೊಟ್ಟೆ ಮಾಂಸದ ಪ್ರೋಟೀನು ಜೀರ್ಣವಾಗಲು ಒಂದಿಷ್ಟು ಕೈಜೋಡಿಸಬಹುದು. ಅದರ ಜೊತೆ ನಾರು, ಪ್ರತಿ 100 ಗ್ರಾಂಗೆ 45-50 ಮಿಲಿಗ್ರಾಂನಷ್ಟು ಸಿ ವಿಟಮಿನ್, ಮ್ಯಾಂಗನೀಸ್ ಸಿಗುತ್ತದೆ. ಇಷ್ಟಕ್ಕೇ ಹಣ್ಣು ತಿನ್ನುವುದು ಸಾರ್ಥಕ. ಬೊಜ್ಜು ಕರಗಿಸುತ್ತದೆ ಎನ್ನುವುದು ಮಾತ್ರ ಬುರುಡೆ. ಇದು ಪ್ರೋಟೀನು ಕತ್ತರಿಸುವ ಕತ್ತಿ, ಕೊಬ್ಬು ಇದರ ಪಾಲಿಗೆ ಬೀಳುವುದೇ ಇಲ್ಲ.

ಊತ, ನೋವಿನ ವಿಷಯ ಬಂದಾಗ ಹಣ್ಣನ್ನೂ ಮಾತ್ರೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು. ಹಲ್ಲು ಕಿತ್ತ ಮೇಲೆ, ಶಸ್ತ್ರಚಿಕಿತ್ಸೆ ಆದ ಮೇಲೆ ವೈದ್ಯರು ಊತ ಇಳಿಯಲೆಂದು ಟ್ರಿಪ್ಸಿನ್, ಬ್ರೊಮೆಲೈನ್, ರುಟೋಸೈಡ್ ಮೂರೂ ಸೇರಿದ ಮಾತ್ರೆ ಬರೆಯುವುದುಂಟು. ಹೊಟ್ಟೆಯ ಆಮ್ಲ ದಾಟಿ ಕರುಳಲ್ಲಿ ಕರಗುವಂತೆ ಅದಕ್ಕೆ ಹೊದಿಕೆ ಇರುತ್ತದೆ, ಹಾಗಾಗಿ ಪುಡಿ ಮಾಡಿ ನುಂಗಬೇಡಿ. ಸಾಮಾನ್ಯವಾಗಿ ಊಟಕ್ಕೆ ಮುಂಚೆಯೇ ತೆಗೆದುಕೊಳ್ಳಲು ಹೇಳುತ್ತಾರೆ, ಊಟದ ಜೊತೆ ಹೋದರೆ ಅದು ಅನ್ನ ಸಾರಿನ ಪ್ರೋಟೀನನ್ನೇ ಕತ್ತರಿಸುತ್ತ ಕೂರುತ್ತದೆ. ಹಲ್ಲಿನ ಊತದ ಮೇಲೆ ನಡೆದ ಪರೀಕ್ಷೆಗಳಲ್ಲಿ ಕೆಲವು ಅನುಕೂಲ ತೋರಿಸಿವೆ, ಕೆಲವು ತೋರಿಸಿಲ್ಲ. ಮಂಡಿನೋವಿನದೂ ಅದೇ ಪಾಡು. ಮಾತ್ರೆಯ ಕಥೆಯೇ ಹೀಗಿರುವಾಗ ತಟ್ಟೆಯ ನಾಲ್ಕು ಹೋಳಿನಿಂದ ಮಂಡಿ ಸರಿಹೋಗಲಿ ಎಂದು ಕಾಯುವುದು ಅನ್ಯಾಯ.

ಸುಟ್ಟ ಗಾಯದ ಸತ್ತ ಚರ್ಮ ತೆಗೆಯಲು ಬ್ರೊಮೆಲೈನ್ ಆಧಾರದ ಔಷಧಿಯೊಂದು ಯುರೋಪಿನಲ್ಲಿ 2012ರಲ್ಲಿ, ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಪಡೆದಿದೆ. ಅದು ಆಸ್ಪತ್ರೆಯಲ್ಲಿ ತಜ್ಞರ ಕೈಯಲ್ಲಿ ಬಳಸುವಂಥದ್ದು. ಇದನ್ನು ಕೇಳಿ ಸುಟ್ಟ ಕೈಗೆ ಅನಾನಸ್ ರಸ ಹಚ್ಚೀರಿ, ಜೋಕೆ. ಸುಟ್ಟ ಜಾಗಕ್ಕೆ ಮನೆಯಲ್ಲಿ ಬೇಕಾದದ್ದು ಹರಿಯುವ ತಣ್ಣನೆ ನೀರು, 20 ನಿಮಿಷ.

ರಕ್ತ ತೆಳುವಾಗಿಸುವ ವಾರ್ಫರಿನ್, ಕ್ಲೋಪಿಡೋಗ್ರೆಲ್, ಆಸ್ಪಿರಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಬ್ರೊಮೆಲೈನ್ ಮಾತ್ರೆ ಶುರು ಮಾಡಬಾರದು, ರಕ್ತಸ್ರಾವದ ಅಪಾಯ ಹೆಚ್ಚಬಹುದು. ಅಮಾಕ್ಸಿಸಿಲಿನ್ ಎಂಬ ಆ್ಯಂಟಿಬಯಾಟಿಕ್ ಕೋರ್ಸ್ ನಡೆಯುವಾಗಲೂ ವೈದ್ಯರಿಗೆ ತಿಳಿಸಿ, ರಕ್ತದಲ್ಲಿ ಆ ಔಷಧಿಯ ಪ್ರಮಾಣ ಏರಬಹುದು. ಸಕ್ಕರೆ ಕಾಯಿಲೆಯವರಿಗೆ 100 ಗ್ರಾಂ ಹಣ್ಣಿನಲ್ಲಿ ಸುಮಾರು 10 ಗ್ರಾಂ ಸಕ್ಕರೆ ಎಂಬ ಲೆಕ್ಕ ಇರಲಿ. ಎರಡು ತೆಳು ಬಿಲ್ಲೆ ಸಾಕು, ಜ್ಯೂಸ್ ಬೇಡ. ಹುಳಿತೇಗು ಇರುವವರು ಬರಿಹೊಟ್ಟೆಯಲ್ಲಿ ತಿನ್ನಬೇಡಿ. ಬಸುರಿಯರು ಅನಾನಸ್ ಮುಟ್ಟಲೇಬಾರದೆಂಬ ಹೆದರಿಕೆ ಇನ್ನೂ ಹೋಗಿಲ್ಲ. ಚೆನ್ನಾಗಿ ಹಣ್ಣಾದ ನಾಲ್ಕಾರು ಹೋಳು ತಿಂದರೆ ಗರ್ಭ ಇಳಿಯುತ್ತದೆ ಎನ್ನಲು ಆಧಾರವಿಲ್ಲ. ಮಾತ್ರೆ ಮಾತ್ರ ಆ ಸಮಯದಲ್ಲಿ ಬೇಡ. ಮಕ್ಕಳ ಬಾಯಿಯ ಸುತ್ತ ಕೆಂಪಾದರೆ ಹೆಚ್ಚಾಗಿ ಅದು ರಸದ ಉರಿ, ತೊಳೆದರೆ ಇಳಿಯುತ್ತದೆ. ತುಟಿ, ನಾಲಿಗೆ ಊದಿದರೆ, ಮೈಯೆಲ್ಲ ದದ್ದು ಎದ್ದರೆ, ಉಸಿರಿಗೆ ಕಷ್ಟವಾದರೆ ಅದು ಅಲರ್ಜಿ, ತಡ ಮಾಡದೆ ಆಸ್ಪತ್ರೆಗೆ ಓಡಿ. ರಬ್ಬರ್ ಕೈಗವಸು ಹಾಕಿದರೆ ಕೈ ತುರಿಸುವವರಿಗೆ ಅನಾನಸೂ ಆಗಿಬರದಿರುವುದುಂಟು.

ಹೆಚ್ಚಿದ ಹೋಳನ್ನು ಗಾಜು ಇಲ್ಲವೇ ಸ್ಟೀಲ್ ಡಬ್ಬಿಯಲ್ಲಿ ಮುಚ್ಚಿಟ್ಟರೆ ಫ್ರಿಜ್‌ನಲ್ಲಿ ಮೂರು ದಿನ ತಡೆಯುತ್ತದೆ. ದಿಂಡಿನ ಬಿಲ್ಲೆಗಳನ್ನು ಫ್ರೀಜರ್‌ಗೂ ಹಾಕಬಹುದು, ಚಳಿಗೆ ಬ್ರೊಮೆಲೈನ್ ಸಾಯುವುದಿಲ್ಲ, ಕರಗಿದ ಮೇಲೆ ಮತ್ತೆ ಕೆಲಸಕ್ಕೆ ಇಳಿಯುತ್ತದೆ. ನಾಲ್ಕೈದು ಹಣ್ಣು ಒಟ್ಟಿಗೆ ಹೆಚ್ಚುವ ದಿನ ಕೈಗವಸು ಹಾಕಿಕೊಳ್ಳಿ. ಬೆರಳಿನ ಚರ್ಮವೂ ಪ್ರೋಟೀನೇ.